ಕೈ ತೊಳೆದದ್ದು ನೆನಪಿದೆ, ಮಾತ್ರೆ ಮರೆತಿದೆ: ಸೋಂಕಿನ ಭಯ ದಿನಚರಿಯನ್ನು ಬಾಗಿಸುವ ಬಗೆ

2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ಎಚ್‌ಎಂಪಿವಿ ಸೋಂಕು ಇರುವುದು ಖಚಿತವಾಯಿತು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು. ಇದು 2001ರಲ್ಲೇ ಗುರುತಿಸಿದ ವೈರಸ್, ಮಕ್ಕಳಿಗೆ ನೆಗಡಿ–ಕೆಮ್ಮು ತರುವ ಹಳೆಯ ಪರಿಚಿತ. ಆದರೂ ಬೀರುವಿನ ಮೂಲೆ ಸೇರಿದ್ದ ಮಾಸ್ಕ್‌ಗಳು ಹೊರಬಂದವು, ‘ಮತ್ತೆ ಲಾಕ್‌ಡೌನಾ?’ ಎಂಬ ಪ್ರಶ್ನೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಹೊರರೋಗಿ ವಿಭಾಗದ ಮುಂದೆ ಏನೂ ತೊಂದರೆ ಇಲ್ಲದವರೂ ಸಾಲುಗಟ್ಟಿದರು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ನಂತರದ ದಿನಗಳಲ್ಲೂ ಇಂಥದೇ ಸಾಲು ಇತ್ತು. ಹಾಸನದ ಸಾವುಗಳನ್ನು ಪರಿಶೀಲಿಸಿದ ಸರ್ಕಾರಿ ತಜ್ಞರ ಸಮಿತಿ ಅಸಹಜ ಏರಿಕೆಯೇನೂ ಕಾಣುವುದಿಲ್ಲ ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಸಾಲೂ ಕರಗಿತ್ತು.

ಈ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡವರಲ್ಲಿ ಎಷ್ಟು ಮಂದಿ ಆ ಬಳಿಕ ಸಿಗರೇಟು ಬಿಟ್ಟಿರಬಹುದು, ಎಷ್ಟು ಮಂದಿ ಬಿಪಿ ಮಾತ್ರೆಯನ್ನು ತಪ್ಪದೆ ನುಂಗುತ್ತಿರಬಹುದು? ಆತಂಕ ಆರೋಗ್ಯದ ಅಭ್ಯಾಸಗಳಿಗೆ ಏನು ಮಾಡುತ್ತದೆ ಎಂಬುದರ ಗುಟ್ಟು ಈ ಪ್ರಶ್ನೆಯಲ್ಲಿದೆ. ಹೆದರಿದವರು ಎಚ್ಚರಿಕೆಯಿಂದ ಇರುತ್ತಾರೆ ಎನ್ನುವುದು ಅರ್ಧ ಸತ್ಯ. ಹೆದರಿದವರು ತಕ್ಷಣ ಸಮಾಧಾನ ಕೊಡುವ ಕೆಲಸಗಳಲ್ಲಿ ಮಾತ್ರ ಎಚ್ಚರಿಕೆಯಿಂದ ಇರುತ್ತಾರೆ: ತೊಳೆಯುವುದು, ಅಳೆಯುವುದು, ನುಂಗುವುದು. ಸದ್ದಿಲ್ಲದೆ, ತಿಂಗಳುಗಟ್ಟಲೆ ನಡೆಯಬೇಕಾದ ಕೆಲಸಗಳು ಅದೇ ಹೊತ್ತಿಗೆ ಕೈಜಾರುತ್ತವೆ: ನಿದ್ದೆ, ನಡಿಗೆ, ಶುಗರ್ ತಪಾಸಣೆ, ಮಗುವಿನ ಲಸಿಕೆ.

ಇದರ ಹಿಂದಿನ ಲೆಕ್ಕ ಸರಳ. ಎದೆಯಲ್ಲಿ ದಿಗಿಲು ಏಳುತ್ತದೆ, ಕೈ ತೊಳೆಯುತ್ತೀರಿ, ದಿಗಿಲು ಇಳಿಯುತ್ತದೆ. ಇಳಿದದ್ದೇ ಮೆದುಳಿಗೆ ಸಿಕ್ಕ ಕೂಲಿ. ಮುಂದಿನ ಸಲ ದಿಗಿಲು ಎದ್ದಾಗ ಕೈ ತಾನಾಗಿ ನಲ್ಲಿಯತ್ತ ಹೋಗುತ್ತದೆ, ಸಮಾಧಾನ ಮಾತ್ರ ಮೊದಲಿಗಿಂತ ಬೇಗ ಆರಿಹೋಗುತ್ತದೆ. ಹೀಗಾಗಿ ಎರಡು ಸಲ ತೊಳೆದದ್ದು ನಾಲ್ಕಾಗುತ್ತದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಮಾತ್ರೆ ನುಂಗಿದರೆ ಇಂಥ ಕೂಲಿ ಇಲ್ಲ. ನುಂಗಿದ ದಿನಕ್ಕೂ ಬಿಟ್ಟ ದಿನಕ್ಕೂ ಮೈಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಕೈ ತೊಳೆಯುವುದನ್ನೇ ಮೊದಲು ನೋಡೋಣ. ಅದು ನಿಜಕ್ಕೂ ಒಳ್ಳೆಯ ಅಭ್ಯಾಸ, ಕೆಡುವುದು ಅಳತೆ ತಪ್ಪಿದಾಗ. ಊಟಕ್ಕೆ ಮೊದಲು, ಶೌಚಾಲಯದಿಂದ ಬಂದ ಮೇಲೆ, ಹೊರಗಿನಿಂದ ಮನೆಗೆ ಬಂದಾಗ, ಕೆಮ್ಮು–ಸೀನಿನ ನಂತರ ಸೋಪು ಹಚ್ಚಿ 20 ಸೆಕೆಂಡು ಉಜ್ಜಿದರೆ ಸಾಕು. ಬೆರಳ ಸಂದು, ಹೆಬ್ಬೆರಳ ಬುಡ, ಉಗುರಿನ ಅಂಚು ಬಿಟ್ಟುಹೋಗುವ ಜಾಗಗಳು. ದಿನಕ್ಕೆ ಮೂವತ್ತು–ನಲವತ್ತು ಸಲ, ಅದೂ ಬಿಸಿನೀರಿನಲ್ಲಿ ತೊಳೆದರೆ ಚರ್ಮದ ಮೇಲ್ಪದರದ ಕೊಬ್ಬು ಕಿತ್ತುಹೋಗುತ್ತದೆ. ಕೈ ಬಿರಿಯುತ್ತದೆ, ಕೆಂಪಾಗುತ್ತದೆ, ತುರಿಸುತ್ತದೆ. ಬಿರಿದ ಚರ್ಮದ ಸಂದಿನಲ್ಲಿ ಸೂಕ್ಷ್ಮಾಣುಗಳು ಇನ್ನೂ ಸುಖವಾಗಿ ನೆಲೆಸುತ್ತವೆ. ಸ್ಯಾನಿಟೈಸರ್ ತಾಗಿದರೆ ಉರಿ, ಉರಿಯ ಭಯಕ್ಕೆ ಬೇಕಾದಾಗಲೂ ತೊಳೆಯದಿರುವುದು. ಬೆಂಗಳೂರಿನಲ್ಲಿ ಇದಕ್ಕೊಂದು ಉಪದ್ರವ ಹೆಚ್ಚು. ಕಾವೇರಿ ಬಾರದ ಬಡಾವಣೆಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಆ ಗಡಸು ನೀರಿಗೆ ಸೋಪು ನೊರೆ ಬಿಡುವುದಿಲ್ಲ, ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು, ತೊಳೆದ ಮೇಲೂ ಚರ್ಮದ ಮೇಲೆ ಉಳಿಯುವ ಅಂಟು. ಮದ್ದು ದುಬಾರಿಯಲ್ಲ. ಉಗುರುಬೆಚ್ಚಗಿನ ಅಥವಾ ತಣ್ಣೀರು, ಒದ್ದೆ ಇರುವಾಗಲೇ ಒಂದು ಚೂರು ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ, ರಾತ್ರಿ ಮಲಗುವಾಗ ಮತ್ತೊಮ್ಮೆ.

ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಕನಿಷ್ಠ ಶೇ 60 ಇರಬೇಕು. ಅಂಗೈ ಗುಳಿ ತುಂಬುವಷ್ಟು, ಸುಮಾರು 3 ಮಿಲಿಲೀಟರ್ ತೆಗೆದುಕೊಂಡು ತಾನಾಗಿ ಒಣಗುವವರೆಗೆ ಉಜ್ಜಬೇಕು. ಎರಡು ಹನಿ ಸವರಿಕೊಂಡು ಪ್ಯಾಂಟಿಗೆ ಒರೆಸಿಕೊಂಡರೆ ಅದು ಶಾಸ್ತ್ರಕ್ಕೆ ಮಾಡಿದ ಆಚಮನ. ಎಣ್ಣೆ, ಮಣ್ಣು ಮೆತ್ತಿದ ಕೈಗೆ ಅದು ಕೆಲಸ ಮಾಡದು. ಹಚ್ಚಿಕೊಂಡ ತಕ್ಷಣ ಸ್ಟೌ ಹಚ್ಚುವುದು ಅಪಾಯ.

ತರಕಾರಿಯ ವಿಷಯದಲ್ಲಿ ಆದದ್ದು ಇನ್ನೂ ವಿಚಿತ್ರ. 2020ರಲ್ಲಿ ಟೊಮೆಟೊ, ದೊಣ್ಣೆಮೆಣಸಿನಕಾಯಿಗಳನ್ನು ಪಾತ್ರೆ ಸೋಪಿನಲ್ಲಿ, ಡಿಟರ್ಜೆಂಟಿನಲ್ಲಿ ಮುಳುಗಿಸಿಟ್ಟ ಮನೆಗಳಿಗೆ ಲೆಕ್ಕವಿಲ್ಲ. ಸೋಪು ಹಣ್ಣಿನ ರಂಧ್ರಗಳಲ್ಲಿ ಉಳಿದು ಹೊಟ್ಟೆ ಕೆಡಿಸುತ್ತದೆ. ಹರಿಯುವ ಕುಡಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸಾಕಿತ್ತು. ನೆಲ ಒರೆಸುವವರ ಕಥೆಯೂ ಅಷ್ಟೇ. ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕೆ 49 ಪಾಲು ನೀರು ಬೆರೆಸಿದರೆ ಶೇ 0.1 ಆಗುತ್ತದೆ, ಮನೆಗೆ ಅದು ಧಾರಾಳ. ‘ಗಟ್ಟಿಯಾಗಿರಲಿ’ ಎಂದು ನೇರವಾಗಿ ಸುರಿದು, ಮೇಲೆ ಟಾಯ್ಲೆಟ್ ಆ್ಯಸಿಡ್ ಕೂಡ ಬೆರೆಸಿದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿ ಇಲ್ಲದ ಬಚ್ಚಲಲ್ಲಿ ಕಣ್ಣು ಉರಿದು ಉಸಿರು ಕಟ್ಟಲು ಅಷ್ಟು ಸಾಕು.

ಇಷ್ಟೆಲ್ಲ ತೊಳೆದು ಒರೆಸುವಾಗ ವೈರಸ್ ಮುಖ್ಯವಾಗಿ ಎಲ್ಲಿತ್ತು? ಗಾಳಿಯಲ್ಲಿ. ಸೋಂಕಿನ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಆದರೆ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಕಿಟಕಿ ತೆರೆದದ್ದಕ್ಕೆ ಯಾರೂ ಭೇಷ್ ಎನ್ನುವುದಿಲ್ಲ. ಹಾಲಿನ ಪ್ಯಾಕೆಟ್ ತೊಳೆದವರು ಕಿಟಕಿ ಮುಚ್ಚಿ ಎಸಿ ಹಾಕಿಕೊಂಡು ಕೂತರು. ವರ್ಷದ ಬಹುಪಾಲು ತಿಂಗಳು ಕಿಟಕಿ ತೆರೆದಿಟ್ಟರೂ ಸೆಕೆಯಾಗದ ಊರು ನಮ್ಮದು. ಎದುರುಬದುರು ಎರಡು ಕಿಟಕಿ ತೆರೆಯುವುದು ಬಿಡಿಗಾಸಿನ ಖರ್ಚಿಲ್ಲದ ರಕ್ಷಣೆ, ಭಯ ಮಾತ್ರ ಅದನ್ನು ಗಮನಿಸಲಿಲ್ಲ.

ಅಳೆಯುವ ಗೀಳು

ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಗೆ, ಬೆಂಗಳೂರಿನಲ್ಲೇ ದಿನಕ್ಕೆ 20 ಸಾವಿರ ದಾಟಿ ಪ್ರಕರಣಗಳು ಬರುತ್ತಿದ್ದಾಗ ಪಲ್ಸ್ ಆಕ್ಸಿಮೀಟರ್ ಜೀವ ಉಳಿಸಿದ ಉಪಕರಣ. ಉಸಿರಾಟದ ಕಷ್ಟ ಗೊತ್ತಾಗದೆಯೇ ಆಮ್ಲಜನಕ ಇಳಿಯುವುದು ಕೋವಿಡ್‌ನ ವಿಶೇಷವಾಗಿತ್ತು, ಅದನ್ನು ಮನೆಯಲ್ಲೇ ಹಿಡಿಯಲು ಬೇರೆ ದಾರಿ ಇರಲಿಲ್ಲ. ಅದೇ ಉಪಕರಣ ಆತಂಕಿತರ ಬೆರಳಲ್ಲಿ ದಿನಕ್ಕೆ ಐವತ್ತು ಸಲ ಸೇರಿದಾಗ ಬೇರೆಯೇ ಕೆಲಸ ಮಾಡಿತು. ಬೆರಳು ತಣ್ಣಗಿದ್ದರೆ, ಮೆಹಂದಿ ಅಥವಾ ಉಗುರುಬಣ್ಣ ಇದ್ದರೆ, ಕೈ ನಡುಗುತ್ತಿದ್ದರೆ ಅಂಕಿ ತಪ್ಪಾಗಿ ಇಳಿಯುತ್ತದೆ. ಉಪಕರಣಕ್ಕೇ ಸುಮಾರು ಎರಡು ಅಂಕದ ಆಚೀಚೆ ಇದೆ. 97 ಇದ್ದದ್ದು 95 ಆಯಿತೆಂದು ರಾತ್ರಿ ಎರಡಕ್ಕೆ ಎದ್ದು ಕೂತರೆ ರೋಗ ಹೆಚ್ಚಾಗಿಲ್ಲ, ನಿದ್ದೆ ಹೋಗಿದೆ ಅಷ್ಟೆ. ಐದು ನಿಮಿಷ ಕುಳಿತು, ಕೈಯನ್ನು ಬೆಚ್ಚಗೆ ಉಜ್ಜಿ ಎದೆಯ ಮಟ್ಟಕ್ಕೆ ಇರಿಸಿ, ನಡುಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. ಸೋಂಕು ಖಚಿತವಾದವರು ದಿನಕ್ಕೆ ಮೂರು–ನಾಲ್ಕು ಸಲ ನೋಡಿ ಬರೆದಿಟ್ಟರೆ ಸಾಕು. ಅಂಕಿ 94ಕ್ಕಿಂತ ಕೆಳಗೇ ನಿಂತರೆ ವೈದ್ಯರಿಗೆ ತಕ್ಷಣ ಕರೆ.

ಇಲ್ಲಿ ಆತಂಕ ಮಾಡುವ ಒಂದು ಕಣ್ಕಟ್ಟು ತಿಳಿದಿರಬೇಕು. ಹೆದರಿದಾಗ ಉಸಿರು ಮೇಲುಮೇಲಕ್ಕೆ, ವೇಗವಾಗಿ ಆಡುತ್ತದೆ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ಆಗ ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಎದೆ ಬಿಗಿಯುತ್ತದೆ, ‘ಉಸಿರು ಸಾಲುತ್ತಿಲ್ಲ’ ಎನಿಸುತ್ತದೆ. ಅಂದರೆ ಉಸಿರು ಹೆಚ್ಚಾದದ್ದರಿಂದಲೇ ಉಸಿರು ಕಡಿಮೆಯಾದಂತೆ ಅನುಭವ. ಆ ಹೊತ್ತಲ್ಲಿ ಆಕ್ಸಿಮೀಟರ್ 98, 99 ತೋರಿಸುತ್ತಿರುತ್ತದೆ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಎಳೆದು ಆರು ಎಣಿಸುವವರೆಗೆ ನಿಧಾನ ಬಿಟ್ಟು, ಐದು ನಿಮಿಷ ಹಾಗೇ ಮಾಡಿದರೆ ಹೆಚ್ಚಿನವರಿಗೆ ಇಳಿಯುತ್ತದೆ. ಕಾಗದದ ಚೀಲದೊಳಗೆ ಉಸಿರಾಡಿ ಎಂಬ ಹಳೆಯ ಸಲಹೆ ಬೇಡ. ನಿಜವಾಗಿಯೂ ಆಮ್ಲಜನಕದ ಕೊರತೆ ಇದ್ದವರಿಗೆ ಅದು ಕುತ್ತು. ಎದೆನೋವು ಹದಿನೈದು ನಿಮಿಷ ದಾಟಿದರೆ, ದವಡೆಗೋ ಎಡಗೈಗೋ ಹರಿದರೆ, ತಣ್ಣನೆ ಬೆವರು ಬಂದರೆ ‘ಇದು ಟೆನ್ಶನ್’ ಎಂದು ಮನೆಯಲ್ಲೇ ತೀರ್ಪು ಕೊಡದೆ 108ಕ್ಕೆ ಕರೆ ಮಾಡಬೇಕು. ನೋವಿಲ್ಲದ ಹೊತ್ತಲ್ಲಿ ತೆಗೆದ ಇಸಿಜಿ ಸರಿಯಿದೆ ಎಂದಮಾತ್ರಕ್ಕೆ ರಕ್ತನಾಳಗಳೆಲ್ಲ ಸರಿಯಿವೆ ಎಂದೇನಲ್ಲ. ಹಾಗಾಗಿ ಸಾಲಿನಲ್ಲಿ ನಿಂತು ತಂದ ಆ ಒಂದು ಹಾಳೆ ಭಯವನ್ನು ಇಳಿಸುವಷ್ಟು ಅಪಾಯವನ್ನು ಇಳಿಸುವುದಿಲ್ಲ.

ಬಿಪಿ ಯಂತ್ರದ್ದೂ ಇದೇ ಹಾಡು. ಓಡಿಬಂದು, ಫಿಲ್ಟರ್ ಕಾಫಿ ಕುಡಿದು, ಟಿವಿ ಮುಂದೆ ಕೂತು ಅಳೆದರೆ ಏರಿಯೇ ಇರುತ್ತದೆ, ಏರಿದ್ದನ್ನು ಕಂಡು ಇನ್ನೂ ಏರುತ್ತದೆ. ಅಳೆಯುವ ಅರ್ಧ ಗಂಟೆ ಮೊದಲಿಂದ ಕಾಫಿ, ಸಿಗರೇಟು ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕುಳಿತು, ಪಟ್ಟಿ ಎದೆಯ ಮಟ್ಟದಲ್ಲಿರುವಂತೆ ನೋಡಿಕೊಂಡು, ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಬೇಕು. ಹೀಗೆ ಒಂದು ವಾರದ ಸರಾಸರಿ 135/85 ಅಥವಾ ಅದಕ್ಕೂ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಿ. ಒಂದು ಸಂಜೆಯ ಒಂದೇ ಅಂಕಿಗೆ ಮಾತ್ರೆಯ ಪ್ರಮಾಣವನ್ನು ನೀವೇ ಬದಲಿಸಬೇಡಿ.

ಡೆಂಗಿ ಬಂದ ಮಳೆಗಾಲದಲ್ಲಿ ಈ ಗೀಳು ಪ್ಲೇಟ್‌ಲೆಟ್‌ಗೆ ವರ್ಗವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿತು. ಬೆಳಿಗ್ಗೆ–ಸಂಜೆ ರಕ್ತ ಕೊಟ್ಟು ‘ಎಷ್ಟು ಸಾವಿರ?’ ಎಂದು ಕೇಳುವ ಮನೆಯವರು ಪರಂಗಿ ಎಲೆಯ ರಸ ಕುಡಿಸುತ್ತಾರೆ. ಜ್ವರ ಬಿಟ್ಟ ಮೇಲಿನ ಎರಡು ದಿನವೇ ಅಪಾಯದ ಕಾಲ ಎಂಬುದು, ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು ಅಂಕಿಗಿಂತ ದೊಡ್ಡ ಎಚ್ಚರಿಕೆ ಎಂಬುದು ಆ ಗದ್ದಲದಲ್ಲಿ ಮರೆತುಹೋಗುತ್ತದೆ.

ನುಂಗಿದ್ದೆಲ್ಲ ಮದ್ದಲ್ಲ

‘ಇಮ್ಯುನಿಟಿ’ ಎಂಬ ಪದ ಅಡುಗೆಮನೆಗೆ ಬಂದದ್ದೇ ಕೋವಿಡ್ ಕಾಲದಲ್ಲಿ. ಕಷಾಯ ನಮಗೆ ಹೊಸದಲ್ಲ. ನೆಗಡಿಗೆ ಒಣಶುಂಠಿ, ಕಾಳುಮೆಣಸು, ಜೀರಿಗೆ, ಬೆಲ್ಲದ ಒಂದು ಲೋಟ ಅಜ್ಜಿಯ ಕಾಲದ್ದು. ಅಜ್ಜಿ ಅದನ್ನು ಎರಡು ದಿನ ಕೊಟ್ಟು ನಿಲ್ಲಿಸುತ್ತಿದ್ದರು ಎನ್ನುವುದನ್ನು ಮರೆತೆವು. ದಿನಕ್ಕೆ ಮೂರು ಲೋಟದಂತೆ ಮೂರು ತಿಂಗಳು ಕುಡಿದವರಿಗೆ ಎದೆಯುರಿ, ಹುಳಿತೇಗು ಬಂತು. ಅತಿಮಧುರ ಹಾಕಿ ಕುದಿಸಿದ್ದನ್ನು ಬಿಪಿ ಇರುವವರು ದಿನಾ ಕುಡಿದರೆ ದೇಹ ಉಪ್ಪು ಹಿಡಿದುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ಬಿಪಿ ಏರುತ್ತದೆ. ಅಮೃತಬಳ್ಳಿಯನ್ನು ಬಹುದಿನ ಸೇವಿಸಿದವರಲ್ಲಿ ಪಿತ್ತಜನಕಾಂಗ ಊದಿಕೊಂಡ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಕಣ್ಣು ಹಳದಿಯಾದರೆ ಅಥವಾ ಮೂತ್ರ ಗಾಢವಾದರೆ ಕುಡಿಯುತ್ತಿದ್ದ ಕಷಾಯದ ಹೆಸರನ್ನೂ ವೈದ್ಯರಿಗೆ ಹೇಳಬೇಕು. ‘ಅದು ಮನೆಮದ್ದು ತಾನೇ’ ಎಂದು ಮುಚ್ಚಿಡುವವರೇ ಹೆಚ್ಚು.

ವಿಟಮಿನ್ ಮಾತ್ರೆಗಳಲ್ಲಿ ತಪ್ಪು ನಡೆಯುವುದು ಲೆಕ್ಕದಲ್ಲಿ. ಡಿ ವಿಟಮಿನ್‌ನ 60,000 ಯೂನಿಟ್ ಪೊಟ್ಟಣ ವಾರಕ್ಕೊಂದು, ಅದೂ ಕೊರತೆ ಇದ್ದವರಿಗೆ ಕೆಲವು ವಾರ ಮಾತ್ರ. ದಿನಕ್ಕೊಂದರಂತೆ ತಿಂಗಳು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ಬಾಯಾರಿಕೆ, ಮಲಬದ್ಧತೆ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಸತುವು ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲ್ಮಿತಿ. ಅಂಗಡಿಯ 50 ಮಿಲಿಗ್ರಾಂ ಮಾತ್ರೆಯನ್ನು ತಿಂಗಳುಗಟ್ಟಲೆ ತಿಂದರೆ ತಾಮ್ರದ ಅಂಶ ಕುಸಿದು ರಕ್ತಹೀನತೆ ಬರಬಹುದು. ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡದು. ಅದನ್ನು ಚಾಕೊಲೇಟಿನಂತೆ ನುಂಗಿದ್ದರ ಫಲ, ನಾಳೆ ನಿಜವಾದ ಬ್ಯಾಕ್ಟೀರಿಯಾ ಸೋಂಕು ಬಂದಾಗ ಔಷಧಿ ಕೈಕೊಡುವುದು.

ಎಲ್ಲಕ್ಕಿಂತ ದುಬಾರಿಯಾದದ್ದು ಸ್ಟಿರಾಯ್ಡ್. ಡೆಕ್ಸಾಮೆಥಸೋನ್ 6 ಮಿಲಿಗ್ರಾಂ, ಹತ್ತು ದಿನದವರೆಗೆ, ಆಮ್ಲಜನಕ ಬೇಕಾದ ರೋಗಿಗಳ ಜೀವ ಉಳಿಸುತ್ತದೆ ಎಂದು ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನ್‌ನಲ್ಲೇ ತೋರಿಸಿತ್ತು. ಆಮ್ಲಜನಕ ಬೇಡವಾದವರಿಗೆ ಲಾಭವಿಲ್ಲ ಎಂದೂ ಅದೇ ಅಧ್ಯಯನ ಹೇಳಿತ್ತು. ಎರಡನೇ ವಾಕ್ಯ ವಾಟ್ಸ್‌ಆ್ಯಪ್ ಚೀಟಿಗಳಲ್ಲಿ ಉದುರಿಹೋಯಿತು. ಜ್ವರದ ಮೊದಲ ದಿನವೇ ಮನೆಯಲ್ಲಿ ಶುರುಮಾಡಿಕೊಂಡವರ ಶುಗರ್ ಹುಚ್ಚೆದ್ದು ಏರಿತು. ಕಪ್ಪು ಶಿಲೀಂಧ್ರದ ರೋಗಿಗಳಿಗೆಂದು 2021ರ ಮೇನಲ್ಲಿ ಬೌರಿಂಗ್ ಆಸ್ಪತ್ರೆಯಲ್ಲಿ ವಾರ್ಡ್ ಮೀಸಲಿಡಬೇಕಾಯಿತು. ಹತೋಟಿ ತಪ್ಪಿದ ಮಧುಮೇಹ ಮತ್ತು ಅಳತೆ ಮೀರಿದ ಸ್ಟಿರಾಯ್ಡ್ ಅದರ ಎರಡು ದೊಡ್ಡ ಕಾರಣಗಳು.

ಇನ್ನು ಕೈಜಾರಿದ ಕೆಲಸಗಳು. ಇವುಗಳ ಲೆಕ್ಕ ಮಾತ್ರ ಸದ್ದಿಲ್ಲದೆ ಬರೆದಿಟ್ಟಿದೆ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ರೋಗಿಗಳು ದಾಖಲಾಗಿದ್ದರು, 2020ರಲ್ಲಿ ಆ ಸಂಖ್ಯೆ 18 ಲಕ್ಷಕ್ಕೆ ಇಳಿಯಿತು. ಕ್ಷಯ ಕಡಿಮೆಯಾದದ್ದಲ್ಲ, ಪತ್ತೆಯಾಗದೆ ಮನೆಯಲ್ಲೇ ಕೆಮ್ಮಿದ್ದು. ಲಾಕ್‌ಡೌನ್, ಬಸ್ಸಿಲ್ಲದ್ದು, ಆಸ್ಪತ್ರೆಗಳು ಕೋವಿಡ್‌ಗೆ ಮೀಸಲಾದದ್ದು ಕಾರಣಗಳೇ. ಅದರೊಟ್ಟಿಗೆ ಇನ್ನೊಂದು ಭಯವೂ ಇತ್ತು. ಕೆಮ್ಮಿದರೆ ‘ಸೀಲ್‌ಡೌನ್’. ದೊಮ್ಮಲೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ 2020ರ ಜುಲೈನಲ್ಲಿ ಎರಡು ಮನೆಗಳ ಬಾಗಿಲಿಗೇ ತಗಡು ಹೊಡೆದ ಚಿತ್ರ ಊರೆಲ್ಲ ಹರಿದಾಡಿತು, ಟೀಕೆ ಬಂದ ಮೇಲೆ ಪಾಲಿಕೆ ಅದನ್ನು ತೆಗೆಸಿ ಕ್ಷಮೆ ಕೇಳಿತು. ತಗಡು ಹೋಯಿತು, ಚಿತ್ರ ಉಳಿಯಿತು. ಅಂಥದ್ದನ್ನು ನೋಡಿದವರು ಲಕ್ಷಣ ಮುಚ್ಚಿಡಲು ಕಲಿತರೆ ಅಚ್ಚರಿಯೇನು? ಫೋನ್ ಮಾಡಿದರೆ ಮೊದಲು ಕೆಮ್ಮಿನ ಸದ್ದು ಕೇಳಿಸುತ್ತಿದ್ದ ಆ ಕಾಲರ್ ಟ್ಯೂನ್ ಕೂಡ ಹೆದರುವವರ ಮೇಲೆ ಕಪ್ಪೆ ಎಸೆದಂತೆಯೇ ಆಗಿತ್ತು.

ಭಯ ಹುಟ್ಟಿಸುವ ಸಂದೇಶ ಯಾವಾಗ ಕೆಲಸ ಮಾಡುತ್ತದೆ ಎಂಬುದನ್ನು ಸಂವಹನ ತಜ್ಞೆ ಕಿಮ್ ವಿಟ್ಟೆ 1992ರಲ್ಲೇ ವಿವರಿಸಿದ್ದರು. ಅಪಾಯ ದೊಡ್ಡದು ಎನಿಸಿ, ‘ನನ್ನ ಕೈಲಿ ಇದಕ್ಕೆ ಉಪಾಯವಿದೆ’ ಎಂದೂ ಅನಿಸಿದರೆ ಜನ ಅಪಾಯವನ್ನು ನಿಭಾಯಿಸುತ್ತಾರೆ. ಉಪಾಯ ಕಾಣದಿದ್ದರೆ ಭಯವನ್ನು ಮಾತ್ರ ನಿಭಾಯಿಸುತ್ತಾರೆ: ನಿರಾಕರಿಸುತ್ತಾರೆ, ಟಿವಿ ಆರಿಸುತ್ತಾರೆ, ಇಲ್ಲವೇ ನಿಂಬೆಹಣ್ಣು–ಅರಿಸಿನದ ಮೊರೆ ಹೋಗುತ್ತಾರೆ. ಇದು ಮೂಢರ ಲಕ್ಷಣವೇನಲ್ಲ. 1898ರ ಪ್ಲೇಗಿನಲ್ಲಿ ಮದ್ದು ಕಾಣದ ಬೆಂಗಳೂರಿಗರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅದೇ ಪ್ಲೇಗಿನ ಭಯ ಗಾಳಿ–ಬೆಳಕಿರುವ ಬಡಾವಣೆಗಳತ್ತಲೂ ಊರನ್ನು ತಳ್ಳಿತು, ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡದ್ದು ಆಮೇಲೆ.

ಬಿಪಿ ಮಾತ್ರೆಯ ಮೇಲೆ 2020ರಲ್ಲಿ ಬೇರೆಯೇ ಗುಮಾನಿ ಬಿತ್ತು. ಟೆಲ್ಮಿಸಾರ್ಟನ್, ಎನಾಲಾಪ್ರಿಲ್ ಗುಂಪಿನ ಔಷಧಿಗಳು ವೈರಸ್ಸಿಗೆ ಬಾಗಿಲು ತೆರೆಯುತ್ತವೆ ಎಂಬ ಊಹೆ ಹರಡಿ ಕೆಲವರು ತಾವಾಗಿ ನಿಲ್ಲಿಸಿದರು. ನಿಲ್ಲಿಸಬೇಡಿ ಎಂದು ಹೃದ್ರೋಗ ತಜ್ಞರ ಸಂಘಟನೆಗಳು ಮಾರ್ಚ್‌ನಲ್ಲೇ ಹೇಳಿದ್ದವು, ಮುಂದಿನ ಅಧ್ಯಯನಗಳೂ ಅದನ್ನೇ ಎತ್ತಿಹಿಡಿದವು. ಮದ್ಯದ ವಿಷಯದಲ್ಲಿ ಹಠಾತ್ ನಿಲುಗಡೆಯೇ ಕುತ್ತಾಯಿತು. ಅಂಗಡಿಗಳು 2020ರ ಮೇ 4ರವರೆಗೆ ಮುಚ್ಚಿದ್ದಾಗ ದಿನವೂ ಹೆಚ್ಚು ಕುಡಿಯುತ್ತಿದ್ದವರಿಗೆ ಕೈನಡುಕ, ಎರಡು–ಮೂರು ದಿನದಲ್ಲಿ ಫಿಟ್ಸ್, ಭ್ರಮೆ. ಅದು ಆಸ್ಪತ್ರೆಯಲ್ಲಿ ನೋಡಬೇಕಾದ ಸ್ಥಿತಿ, ಮನೋಬಲದ ಪರೀಕ್ಷೆಯಲ್ಲ.

ನಿದ್ದೆ ಕೆಟ್ಟರೆ ಉಳಿದೆಲ್ಲವೂ ಕೆಡುತ್ತದೆ, ಆದ್ದರಿಂದ ರಿಪೇರಿ ಅಲ್ಲಿಂದ ಶುರುವಾದರೆ ಒಳ್ಳೆಯದು. ಏಳುವ ಹೊತ್ತನ್ನು ಮೊದಲು ಗಟ್ಟಿಮಾಡಿ, ಮಲಗುವ ಹೊತ್ತು ಹಿಂದೆಯೇ ಬರುತ್ತದೆ. ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆ ಐದರ ಸ್ಟ್ರಾಂಗ್ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಲೋಟದಷ್ಟು ಮೈಯಲ್ಲಿರುತ್ತದೆ. ಸುದ್ದಿಗೆ ದಿನಕ್ಕೆ ಎರಡು ಹೊತ್ತು, ತಲಾ ಹದಿನೈದು ನಿಮಿಷ, ರಾತ್ರಿ ಎಂಟರ ನಂತರ ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳದೆ ಎದ್ದು, ಮಂದ ಬೆಳಕಲ್ಲಿ ಬೇಸರದ ಪುಸ್ತಕವೊಂದನ್ನು ಹಿಡಿಯುವುದು ಮೇಲು.

ಮಾತ್ರೆಯಂಥ ಕೂಲಿಯಿಲ್ಲದ ಕೆಲಸವನ್ನು ಈಗಾಗಲೇ ತಪ್ಪದ ಕೆಲಸಕ್ಕೆ ಕಟ್ಟಿಹಾಕುವುದು ಒಂದು ಉಪಾಯ. ಬೆಳಗಿನ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಮಾತ್ರೆ ಡಬ್ಬಿ ಇರಲಿ. ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಲಂಡನ್ನಿನ ಅಧ್ಯಯನವೊಂದರಲ್ಲಿ ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ ಎನ್ನುವುದೂ ಅದೇ ಅಧ್ಯಯನದ ಮಾತು. ತೊಳೆಯುವ, ಅಳೆಯುವ ಗೀಳಿಗೆ ತದ್ವಿರುದ್ಧ ಉಪಾಯ: ದಿಗಿಲು ಎದ್ದಾಗ ಹತ್ತು ನಿಮಿಷ ತಡಮಾಡಿ, ನಾಳೆ ಹದಿನೈದು, ನಾಡಿದ್ದು ಇಪ್ಪತ್ತು. ಏನೂ ಮಾಡದೆಯೂ ದಿಗಿಲು ತಾನಾಗಿ ಇಳಿಯುತ್ತದೆ ಎಂದು ಮೈ ಕಲಿಯುವುದು ಈ ತಡದಲ್ಲೇ.

ತೊಳೆಯುವುದಕ್ಕೆ, ಪರೀಕ್ಷಿಸುವುದಕ್ಕೆ ದಿನದ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ, ತಡೆದರೆ ತಡೆಯಲಾರದ ಸಂಕಟವಾದರೆ ಅದು ಅಭ್ಯಾಸದ ಗಡಿ ದಾಟಿ ಚಿಕಿತ್ಸೆ ಬೇಕಾದ ಗೀಳಾಗಿರಬಹುದು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಹೊಸೂರು ರಸ್ತೆಯವರೆಗೆ ಹೋಗಲು ಹಿಂಜರಿಯುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ ಅದು. ಹಗಲಿರುಳು ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಿಪಿ, ಶುಗರ್ ನೋಡಿಸಲು ಹತ್ತಿರದ ‘ನಮ್ಮ ಕ್ಲಿನಿಕ್’ ಸಾಕು, ಅಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.